ಗಂಟೆ ಕೇಳದ ಸೆನೆಟರ್

ಮಾರ್ಚ್ 11, ಮಂಗಳವಾರ

ಕ್ಷಮಿಸು ಅಪ್ಪ, ಇದರಲ್ಲಿ ಬರೆಯುವ ಹಕ್ಕು ನನಗಿಲ್ಲ. ಇದು ನಿನ್ನ ದೋಣಿ ಶೆಡ್ಡಿನ ಪುಸ್ತಕ. ಮೊದಲ ನಲವತ್ತು ಪುಟಗಳಲ್ಲಿ ಉಬ್ಬರ ಇಳಿತದ ಹೊತ್ತು, ಹಲಗೆಯ ಅಳತೆ, ಒಂದು ಕಡೆ ಟೀ ಲೋಟದ ಗುರುತು. ಆಮೇಲೆ ಬರೀ ಖಾಲಿ. ಕಾಲೇಜಿನ ನರ್ಸ್, ಎದೆ ಹೊಡೆದುಕೊಂಡಾಗ ಏನಾದರೂ ಗೀಚು ಅಂದರು. ಅಂಗಡಿಗೆ ಹೋಗಿ ಹೊಸ ನೋಟ್‌ಬುಕ್ ಆರಿಸುವುದಕ್ಕೂ ನನಗೆ ಎದೆ ಹೊಡೆದುಕೊಳ್ಳುತ್ತದೆ. ಹಾಗಾಗಿ ಇದು.

ಹೋಬಾರ್ಟ್‌ಗೆ ಬಂದು ಮೂರು ವಾರ ಆಯಿತು. ಏಳನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದವಳಿಗೆ ಇನ್ನೊಂದು ಹಾಸ್ಟೆಲ್ ಏನು ಮಹಾ ಅಂದುಕೊಂಡಿದ್ದೆ. ಲಾನ್ಸೆಸ್ಟನ್ನಿನ ಶಾಲೆಯಲ್ಲಿ ಊಟಕ್ಕೆ ಗಂಟೆ, ಓದಿಗೆ ಗಂಟೆ, ಮಲಗುವುದಕ್ಕೂ ಗಂಟೆ ಹೊಡೆಯುತ್ತಿತ್ತು. ಇಲ್ಲಿ ಯಾವ ಗಂಟೆಯೂ ಇಲ್ಲ. ನಿನ್ನೆ ಊಟ ಮರೆತೇ ಹೋಯಿತು.

ಪಕ್ಕದ ಕೋಣೆಯ ಕೆಝಿಯಾ ಸ್ಮಿತ್ಟನ್ನಿನ ಹೈನಿನವರ ಮಗಳು. ನಾನು ಟೀಗೆ ಹಾಲು ಮೊದಲು ಹಾಕುವುದನ್ನು ನೋಡಿ, "ಅರ್ಧ ಇಂಗ್ಲಿಷಿನವಳು ಅಂತ ಇಲ್ಲೇ ಗೊತ್ತಾಯ್ತು ನೋಡು" ಅಂದಳು. ಹಾಲು ಮೊದಲು ಹಾಕುತ್ತಿದ್ದವನು ನೀನು. ಅವಳಿಗೆ ಅದನ್ನು ಹೇಳಲಿಲ್ಲ.

ಮಾರ್ಚ್ 13, ಗುರುವಾರ

ರಾಜ್ಯಶಾಸ್ತ್ರದ ಡಾ. ವೊಸ್ ಒಂದು ಕೆಲಸ ಕೊಟ್ಟಿದ್ದಾರೆ. ನಮ್ಮ ಟಾಸ್ಮೇನಿಯಾದಿಂದ ಕ್ಯಾನ್‌ಬೆರಾದ ಸಂಸತ್ತಿಗೆ ಹೋದ ಸೆನೆಟರುಗಳ ಕಿರುಪರಿಚಯ ಪುಸ್ತಕ. ಒಬ್ಬೊಬ್ಬ ವಿದ್ಯಾರ್ಥಿಗೆ ಒಬ್ಬೊಬ್ಬ ಸೆನೆಟರ್, ಆರುನೂರು ಪದ: ಎಲ್ಲಿ ಹುಟ್ಟಿದರು, ಏನು ಓದಿದರು, ರಾಜಕೀಯಕ್ಕೆ ಮುಂಚೆ ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು, ಸೆನೆಟಿನಲ್ಲಿ ಏನು ಮಾಡಿದರು. ಹೆಸರು ಬಂದವರು ಬದುಕಿದ್ದರೆ ಅವರಿಗೆ ಬರೆದು ವಿವರ ಖಚಿತ ಮಾಡಿಕೊಳ್ಳಬೇಕು. ಮೇ ಹದಿನಾರಕ್ಕೆ ಕೊಡಬೇಕು.

ಚೀಟಿ ಎತ್ತಿಸಿದರು. ಉಣ್ಣೆ ಟೋಪಿಯೊಳಗೆ ಕೈ ಹಾಕಿದೆ. ಅದರಲ್ಲಿ ಸೆನೆಟರ್ ಗ್ವೆನ್ ಪರ್ಟನ್ ಅವರ ಚೀಟಿಯೂ ಇರುತ್ತದೆ. ಆಕೆ ನನಗೆ ಏನಾಗಬೇಕು ಅನ್ನುವುದು ಇಲ್ಲಿ ಯಾರಿಗೂ ತಿಳಿಯದು. ನಾನು ಟಿಲ್ಲಿ ಆರ್ಮಿಟೇಜ್, ನಿನ್ನ ಹೆಸರಿನವಳು.

ಬಂದದ್ದು ಕ್ಲೆಮ್ ಡಾಕಿಂಗ್. ಕ್ಲಾಸಿಗೆ ಕ್ಲಾಸೇ ನಕ್ಕಿತು. ಡಾ. ವೊಸ್ ಕೂಡ ನಕ್ಕು, "ನಿದ್ದೆ ಸೆನೆಟರ್ರು ನಿನ್ನ ಪಾಲಿಗೆ ಬಂದ್ರು" ಅಂದರು. ಬಂದರು ಮಸೂದೆಯ ಮತದ ದಿನ ಕಚೇರಿಯಲ್ಲಿ ನಿದ್ದೆ ಹೋಗಿ, ಸದಸ್ಯರನ್ನು ಮತಕ್ಕೆ ಕರೆಯಲು ನಾಲ್ಕು ನಿಮಿಷ ಹೊಡೆದ ಗಂಟೆ ಕೇಳಲಿಲ್ಲ ಅಂದವರು. ಪತ್ರಿಕೆಯಲ್ಲಿ ಅವರಿಗೆ ದಿಂಬು ಕೊಟ್ಟು ಚಿತ್ರ ಬರೆದಿದ್ದರು.

ಬಂದರು ಮಸೂದೆ. ಆಗಸ್ಟ್ ಮೂರು, ಮೂರು ವರ್ಷದ ಹಿಂದೆ.

ಕೈ ತೊಳೆದು ಬಂದೆ. ನಲ್ಲಿ ನಿಲ್ಲಿಸಿದೆನೋ ಇಲ್ಲವೋ ಅಂತ ಮತ್ತೆ ಹೋಗಿ ನೋಡಿದೆ.

ಮಾರ್ಚ್ 20, ಗುರುವಾರ

ಡಾಕಿಂಗ್: ಅಲ್ವರ್‌ಸ್ಟನ್ ಬಳಿ ಆಲೂಗಡ್ಡೆ ಬೆಳೆಯುವವರ ಮನೆ. ಹದಿನಾಲ್ಕಕ್ಕೆ ಶಾಲೆ ಬಿಟ್ಟರು. ಟ್ರ್ಯಾಕ್ಟರ್ ರಿಪೇರಿ. ಬೆಳೆಗಾರರ ಸಂಘದ ಅಧ್ಯಕ್ಷ. ಮೂರು ಅವಧಿ ಸೆನೆಟರ್. ನಿದ್ದೆಯ ನಂತರದ ಚುನಾವಣೆಯಲ್ಲಿ ಪಕ್ಷ ಅವರ ಹೆಸರನ್ನು ಪಟ್ಟಿಯ ನಾಲ್ಕನೇ ಜಾಗಕ್ಕೆ ಇಳಿಸಿತು. ಆ ಜಾಗದಿಂದ ಗೆದ್ದವರಿಲ್ಲ.

ಹೋಲಿಕೆಗೆ ಅಂತ ಮಾತ್ರ ಪರ್ಟನ್ ಅವರ ಪುಟವನ್ನೂ ನೋಡಿದೆ. ಕ್ವೀನ್ಸ್‌ಟೌನಿನ ಗಣಿ ಕಾರ್ಮಿಕರ ಮಗಳು. ಹದಿನೇಳು ವರ್ಷ ನರ್ಸ್. ಸೆನೆಟರ್. ಅವಧಿ ಮುಗಿಯುವ ಮೊದಲೇ ರಾಜೀನಾಮೆ. ಈಗ ಫ್ಲಿಂಡರ್ಸ್ ದ್ವೀಪದ ಆಸ್ಪತ್ರೆಯಲ್ಲಿ ಮತ್ತೆ ನರ್ಸ್. ಫೋಟೋದಲ್ಲಿ ನಗುತ್ತಿದ್ದಾರೆ. ಹದಿನೇಳು ವರ್ಷ ಊರವರ ಹಾಸಿಗೆಯ ಪಕ್ಕ ನಿಂತವರು.

ಅಷ್ಟೇ. ಮುಚ್ಚಿದೆ.

ಮಾರ್ಚ್ 26, ಬುಧವಾರ

ಇವತ್ತು ಲೈಬ್ರರಿಯಲ್ಲಿ ಆಗಸ್ಟ್ ಮೂರರ ಸದನದ ನಡವಳಿ ತೆಗೆದೆ. ಡಾಕಿಂಗ್ ಗೈರುಹಾಜರು ಅಂತ ಒಂದು ಸಾಲು ಬರೆಯಬೇಕಾದರೂ ನೋಡಿಯೇ ಬರೆಯಬೇಕು ಅನ್ನುವ ಜಾತಿ ನಾನು.

ಮತ ಹಾಕಿದವರ ಹೆಸರೆಲ್ಲ ಅಲ್ಲಿರುತ್ತದೆ. ಪರವಾಗಿ ಇಷ್ಟು, ವಿರೋಧವಾಗಿ ಇಷ್ಟು. ಕೊನೆಗೆ 'ಜೋಡಿ' ಅಂತ ಇನ್ನೊಂದು ಪಟ್ಟಿ. ಒಬ್ಬರಿಗೆ ಕಾಯಿಲೆಯೋ, ಮನೆಯಲ್ಲಿ ಸಾವೋ ಆಗಿ ಬರಲಾಗದಿದ್ದರೆ ಎದುರು ಪಕ್ಷದವರೊಬ್ಬರು ಬೇಕೆಂದೇ ಹೊರಗುಳಿಯುತ್ತಾರೆ, ಎರಡೂ ಕಡೆ ಸಮ. ಬರವಣಿಗೆಯಲ್ಲಿರುವ ಕಾನೂನಲ್ಲ ಅದು, ಕೊಟ್ಟ ಮಾತು. ಎರಡೂ ಪಕ್ಷದ ಸಚೇತಕರು ಒಪ್ಪಿದರೆ ಉಂಟು, ಒಪ್ಪದಿದ್ದರೆ ಇಲ್ಲ. ಆವತ್ತಿನ ಜೋಡಿ ಪಟ್ಟಿ ಖಾಲಿ.

ಡಾಕಿಂಗ್ ಎಲ್ಲಿಯೂ ಇಲ್ಲ, ಸರಿ. ಆದರೆ ವಿರೋಧಿಸಿದವರ ಪಟ್ಟಿಯಲ್ಲಿ ಪರ್ಟನ್ ಕೂಡ ಇಲ್ಲ.

ಅಕ್ಷರದ ಮೇಲೆ ಸ್ಕೇಲ್ ಇಟ್ಟುಕೊಂಡು ಮೂರು ಸಲ ಓದಿದೆ. ಪೀಟರ್‌ಸನ್ ಆದಮೇಲೆ ಕ್ವಿಲ್ಟಿ. ಅಕ್ಷರ ಕ್ರಮದಲ್ಲಿ ನಡುವೆ ಪರ್ಟನ್ ಇರಬೇಕು. ಇಲ್ಲ.

ಆ ಸಂಜೆ ಆಸ್ಪತ್ರೆಯಲ್ಲಿ ನಿನ್ನ ಮಂಚದ ಪಕ್ಕ ನಿಂತು ಬ್ರಾನ್ ಚಿಕ್ಕಮ್ಮ ಹೇಳಿದ್ದು ನನಗೆ ಬಾಯಿಪಾಠ: "ನಿಮ್ಮಮ್ಮಂಗೆ ಓಟಿದೆಯಂತೆ ಕಣೇ, ಬಿಡ್ತಿಲ್ವಂತೆ." ಬೆಳಗ್ಗೆ ಆರೂ ಕಾಲಿಗೆ ನೀನು ಹೋದೆ. ಹತ್ತು ಗಂಟೆಗೆ ಆಕೆ ಬಂದರು, ಹಿಂದಿನ ದಿನದ ಬಟ್ಟೆಯಲ್ಲೇ. ನಾನು ಒಂದೇ ಮಾತು ಕೇಳಿದೆ: "ಓಟು ಗೆದ್ರಾ?" "ಸೋತ್ವಿ" ಅಂದರು. ಆವತ್ತಿನಿಂದ ನಾನು ಆಕೆಯ ಜೊತೆ ಅಗತ್ಯಕ್ಕಿಂತ ಹೆಚ್ಚು ಮಾತಾಡಿಲ್ಲ. ಕಳೆದ ಎರಡು ವರ್ಷದಲ್ಲಿ ಅದೂ ಇಲ್ಲ.

ಮುದ್ರಣದ ತಪ್ಪಿರಬೇಕು.

ಏಪ್ರಿಲ್ 2, ಬುಧವಾರ

ಡಾಕಿಂಗ್ ಅವರಿಗೆ ಬರೆದ ಪತ್ರ ಹದಿನಾಲ್ಕು ಸಲ ತಿದ್ದಿದ್ದೆ. ಉತ್ತರ ಪೋಸ್ಟ್‌ಕಾರ್ಡಿನಲ್ಲಿ ಬಂತು: ಶನಿವಾರ ಬಾ, ಬಿಸ್ಕೆಟ್ ಉಂಟು.

ಏಪ್ರಿಲ್ 5, ಶನಿವಾರ

ಬಸ್ಸಿನಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ. ಈಗಲೇ ಬರೆಯದಿದ್ದರೆ ನಾನೇ ಬದಲಾಯಿಸಿಬಿಡುತ್ತೇನೆ.

ಅವರು ಮನೆಯೊಳಗಿರಲಿಲ್ಲ, ಹಿಂದಿನ ಶೆಡ್ಡಿನಲ್ಲಿದ್ದರು. ಮೂಗಿಗೆ ಆಮ್ಲಜನಕದ ಸಣ್ಣ ಕೊಳವೆ, ಕಾಲಡಿ ಗೋಣಿಚೀಲ, ಆಲೂಗಡ್ಡೆಯ ಒಣ ಮಣ್ಣು ಒರೆಸಿ ಒರೆಸಿ ಬುಟ್ಟಿಗೆ ಹಾಕುತ್ತಿದ್ದರು. ಸರ್ ಅಂದೆ. ಸರ್ ಗಿರ್ ಎಲ್ಲ ಕ್ಯಾನ್‌ಬೆರಾದಲ್ಲೇ ಬಿಟ್ಟು ಬಂದೆ, ಕ್ಲೆಮ್ ಅನ್ನು ಅಂದರು. ನಿದ್ದೆ ವಿಚಾರ ಕೇಳೋಕೆ ಬಂದಿದ್ರೆ ಮೊದಲೇ ಕೇಳಿಬಿಡು, ನಾನು ಯಾವಾಗ ಬೇಕಾದ್ರೂ ತೂಕಡಿಸಿಬಿಡ್ತೀನಿ ಅಂತ ಅವರೇ ನಕ್ಕರು. ನಗು ಕೆಮ್ಮಾಯಿತು.

ಹುಟ್ಟು, ಶಾಲೆ, ಸಂಘ ಎಲ್ಲ ಬರೆದುಕೊಂಡೆ. ಆಮೇಲೆ ನನ್ನ ಪೂರ್ತಿ ಹೆಸರು ಕೇಳಿದರು. ಹೇಳಿದೆ. ಕೈಯಲ್ಲಿದ್ದ ಆಲೂಗಡ್ಡೆ ಕೆಳಗಿಟ್ಟರು.

"ಆರ್ಮಿಟೇಜ್. ಹ್ಯೂಅನ್ ನದಿ ಹತ್ರ ದೋಣಿ ಮಾಡ್ತಿದ್ನಲ್ಲ ಇಂಗ್ಲಿಷಿನವನು, ಅವನ ಮಗಳಾ ನೀನು? ಗ್ವೆನ್ ಮಗಳು?"

ಹೌದು ಅಂದೆ. ಆಗಸ್ಟ್ ಮೂರರ ಪಟ್ಟಿಯಲ್ಲಿ ಪರ್ಟನ್ ಹೆಸರು ಬಿಟ್ಟುಹೋಗಿದೆ, ಮುದ್ರಣದ ತಪ್ಪೇ ಅಂತಲೂ ಕೇಳಿದೆ.

"ಅವಳು ನಿಂಗೂ ಹೇಳಿಲ್ವಾ?" ಅಂದರು. "ನಾನು ಪೇಪರ್‌ನವರಿಗೆ ಹೇಳ್ಬೇಡ ಅಂದಿದ್ದೆ ಕಣಮ್ಮ. ಮಗಳಿಗೆ ಹೇಳ್ಬೇಡ ಅಂದಿರ್ಲಿಲ್ಲ."

ಆಮೇಲೆ ಹೇಳಿದ್ದು ಇದು. ಆವತ್ತು ಮತ ತೀರಾ ಬಿಗಿ ಇತ್ತು. ಯಾರ ಮನೇಲಿ ಏನೇ ಆಗಲಿ, ಜೋಡಿ ಕೊಡೋ ಹಾಗಿಲ್ಲ ಅಂತ ಕ್ಲೆಮ್ ಪಕ್ಷದ ಸಚೇತಕ ಕಟ್ಟಪ್ಪಣೆ ಮಾಡಿದ್ದ. ಊಟದ ಹೊತ್ತಿಗೆ ಪಡಸಾಲೆಯಲ್ಲಿ ಪರ್ಟನ್ ಗೋಡೆ ಹಿಡಿದು ನಿಂತಿದ್ದರಂತೆ. ಕ್ಲೆಮ್ ಎದುರು ಪಕ್ಷದವರು, ಹನ್ನೆರಡು ವರ್ಷ ಒಬ್ಬರಿಗೊಬ್ಬರು ಸದನದಲ್ಲಿ ಬೈದುಕೊಂಡವರು. ಏನಾಯ್ತು ಅಂತ ಕೇಳಿದರು. ಗೊತ್ತಾದಮೇಲೆ, ನೀನು ಹೋಗು, ನಾನು ಒಳಗೆ ಹೋಗಲ್ಲ ಅಂದರು. ಕಚೇರಿಗೆ ಹೋಗಿ ದೀಪ ಆರಿಸಿ ಕೂತರು.

"ನಾಲ್ಕು ನಿಮಿಷ ಹೊಡೀತು ಗಂಟೆ. ಅಷ್ಟು ಉದ್ದದ ನಾಲ್ಕು ನಿಮಿಷ ನಾನು ಜನ್ಮದಲ್ಲಿ ಕಂಡಿಲ್ಲ. ಕೇಳಿದವರಿಗೆ ಏನಾದ್ರೂ ಹೇಳ್ಬೇಕಲ್ಲ, ನಿದ್ದೆ ಬಂತು ಅಂದೆ. ಮುದುಕ ಅಂದ್ರೆ ನಂಬ್ತಾರೆ."

ಮೆಲ್ಬರ್ನ್‌ವರೆಗೆ ಆಕೆ ವಿಮಾನದಲ್ಲಿ ಹೋದರು. ಅಲ್ಲಿಂದ ಮುಂದಕ್ಕೆ ವಿಮಾನವಿಲ್ಲ, ಹೋಬಾರ್ಟ್ ಪೂರ್ತಿ ಮಂಜು. ಟ್ಯಾಕ್ಸಿ ಮಾಡಿ ಬಂದರಿಗೆ ಓಡಿ ಹಡಗು ಹತ್ತಿದರು. ಕ್ಯಾಂಟೀನ್ ಬೆಂಚಿನ ಮೇಲೆ ಕೂತು ಸಮುದ್ರ ದಾಟಿದರು. ಬೆಳಗ್ಗೆ ಆರೂವರೆಗೆ ಡೆವನ್‌ಪೋರ್ಟಿನಲ್ಲಿ ಫೋನಿಗೆ ಸಿಗ್ನಲ್ ಬಂದಾಗ ಚಿಕ್ಕಮ್ಮನ ಸಂದೇಶವೂ ಬಂತು. ಕ್ಲೆಮ್ ತಮ್ಮನಿಗೆ ಫೋನ್ ಮಾಡಿ ದಡಕ್ಕೆ ತಮ್ಮ ಪಿಕಪ್ ತರಿಸಿಟ್ಟಿದ್ದರು, ಆಲೂಗಡ್ಡೆ ಚೀಲ ಇಳಿಸದೆಯೇ. ಅದನ್ನೇ ಆಕೆ ಹೋಬಾರ್ಟ್‌ವರೆಗೆ ಓಡಿಸಿಕೊಂಡು ಹೋದರು.

"ನಾನು ಕೇಳ್ದೆ ಅವಳನ್ನ, ಮಗಳಿಗೆ ಹೇಳ್ದ್ಯಾ ಅಂತ. 'ಏನಂತ ಹೇಳ್ಲಿ ಕ್ಲೆಮ್, ಓಡಿದೆ ಅಂತಾನಾ? ತಲುಪಲಿಲ್ವಲ್ಲ' ಅಂದ್ಲು. ಬರ್ದುಬಿಡ್ತೀನಿ, ನಿನ್ನ ನಿದ್ದೆ ಕಳಂಕ ಹೋಗ್ಲಿ ಅಂತ ನಂಗೆ ಎಷ್ಟು ಸಲ ಗಂಟು ಬಿದ್ಲು. ನಾನೇ ಬೇಡ ಅಂದೆ. ನಮ್ಮ ಪಕ್ಷದವರ ಪಾಲಿಗೆ ನಿದ್ದೆಬುರುಕ ಆದ್ರೂ ವಾಸಿ, ದ್ರೋಹಿ ಆಗೋದು ಬೇಡ."

ಬರೆಯಲೇ ಅಂತ ಕೇಳಿದೆ. "ನಿಮ್ಮಮ್ಮನ್ನ ಕೇಳಿ ಬರಿ. ಮಾತು ಕೊಟ್ಟವಳು ಅವಳು. ಕ್ಲೆಮ್ ಬಿಡಿಸಿದ ಅಂತ ಹೇಳು."

ಬರುವಾಗ ಒಂದು ಚೀಲ ಆಲೂಗಡ್ಡೆ ಕೊಟ್ಟರು. ಈಗ ತೊಡೆಯ ಮೇಲಿದೆ.

ಅಪ್ಪ, ಆ ಬೆಳಗ್ಗೆ ಆಕೆ ನನ್ನನ್ನು ತಬ್ಬಿಕೊಳ್ಳಲು ಬಂದಾಗ ನಾನು ಹಿಂದೆ ಸರಿದೆ. ಒಂದು ಕ್ಷಣ ವಾಸನೆ ಬಂದಿತ್ತು, ಡೀಸೆಲ್ಲು, ಮಣ್ಣು. ಕ್ಯಾನ್‌ಬೆರಾದ ವಾಸನೆ ಹೀಗಿರುತ್ತದೆ ಅಂದುಕೊಂಡೆ. ಇವತ್ತು ಆ ಶೆಡ್ಡಿನ ಬಾಗಿಲು ದಾಟಿದ ಕೂಡಲೇ ಅದೇ ವಾಸನೆ.

ಏಪ್ರಿಲ್ 6, ಭಾನುವಾರ

ಮಂಜು.

ಆ ಬೆಳಗ್ಗೆ ಆಸ್ಪತ್ರೆಯ ಕಿಟಕಿಯಿಂದ ಸೇತುವೆ ಕಾಣುತ್ತಿರಲಿಲ್ಲ. ನದಿಯ ಮೇಲೆ ಜೆರ್ರಿ, ನಮ್ಮ ನದಿಯ ಮಂಜು, ಇಳಿದಿತ್ತು. ನೀನು ಈ ಊರಿಗೆ ಬಂದ ಹೊಸದರಲ್ಲಿ, ಮಂಜಿಗೂ ಹೆಸರಿಡುವ ಜನ ನೀವು ಅಂತ ನಕ್ಕಿದ್ದೆಯಂತೆ. ಜೆರ್ರಿ ಹಾಗೆ ದಟ್ಟವಾಗಿ ಹರಡಿದ ದಿನ ಮಧ್ಯಾಹ್ನದವರೆಗೆ ವಿಮಾನ ಇಳಿಯುವುದಿಲ್ಲ. ಇಲ್ಲಿನ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಬೆಳಗಿನ ಮೊದಲ ವಿಮಾನಕ್ಕೆ ಬಂದಳು ಅಂತ ಮೂರು ವರ್ಷ ನಂಬಿದೆ. ಆ ಮಂಜನ್ನು ಕಣ್ಣಾರೆ ನೋಡುತ್ತಾ ನಿಂತವಳು ನಾನೇ.

ಏಪ್ರಿಲ್ 19, ಶನಿವಾರ

ಈಸ್ಟರ್ ರಜೆ. ಹಾಸ್ಟೆಲ್ ಖಾಲಿ. ಚಿಕ್ಕಮ್ಮನ ಮನೆಗೆ ಊಟಕ್ಕೆ ಹೋಗಿದ್ದೆ. ಕೇಳಿದೆ. ಚಿಕ್ಕಮ್ಮ ಪಾತ್ರೆ ತೊಳೆಯುತ್ತಲೇ, ಹಡಗಿನಲ್ಲಿ ಬಂದದ್ದು ತಮಗೂ ಆರು ತಿಂಗಳಾದ ಮೇಲೆ ಗೊತ್ತಾಯಿತು, ಗ್ವೆನ್ ಆಣೆ ಹಾಕಿಸಿದಳು ಅಂದರು. ಆಮೇಲೆ ತಿರುಗಿ, "ನೀನೂ ಕೇಳ್ಬಹುದಿತ್ತಲ್ಲೇ. ಮೂರು ವರ್ಷದಲ್ಲಿ ಒಂದು ದಿನ" ಅಂದರು.

ಬೈಗುಳದ ದನಿಯಲ್ಲಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ.

ಹಿಂದೆಲ್ಲ ಪ್ರತಿ ಭಾನುವಾರ ಹಾಸ್ಟೆಲಿನ ಫೋನಿಗೆ ಅವಳು ಮಾಡುತ್ತಿದ್ದಳು. ವಾರ್ಡನ್ ಬಂದು ಕರೆದರೆ, ಸ್ನಾನ ಮಾಡ್ತಿದ್ದಾಳೆ ಅನ್ನಿ ಅನ್ನುತ್ತಿದ್ದೆ. ಎಷ್ಟು ಸ್ನಾನ.

ಮೇ 1, ಗುರುವಾರ

ಅವಳಿಗೆ ಬರೆಯಬೇಕು. ಡಾ. ವೊಸ್ ಕೊಟ್ಟ ಖಚಿತೀಕರಣದ ಫಾರಂ ಮೇಜಿನ ಮೇಲಿದೆ. 'ಮಾನ್ಯರೇ, ಕೆಳಗಿನ ವಿವರ ಸರಿಯಿದೆಯೇ' ಅಂತ ಅಚ್ಚಾಗಿದೆ. ಮಾನ್ಯರೇ ಅನ್ನುವುದನ್ನು ಹೊಡೆದು ಹಾಕಿದೆ. ಅಲ್ಲಿ ಏನು ಬರೆಯಬೇಕೋ ಕೈ ಬರುತ್ತಿಲ್ಲ.

ಕೆಝಿಯಾ ಮೈಕ್ರೋವೇವಿನಲ್ಲಿ ಕ್ಲೆಮ್ ಆಲೂಗಡ್ಡೆ ಬೇಯಿಸಿ ಬೆಣ್ಣೆ ಹಾಕಿ ತಂದಳು. "ತಿನ್ನು ಮಾರಾಯ್ತಿ, ಕನ್ನಡಿಲಿ ನಿನ್ನ ಮುಖ ನೋಡ್ಕೊಂಡಿದೀಯಾ" ಅಂದಳು. ಎರಡು ತಿಂದೆ.

ಮೇ 5, ಸೋಮವಾರ

ಕ್ಲೆಮ್ ಡಾಕಿಂಗ್ ಶನಿವಾರ ತೀರಿಕೊಂಡರಂತೆ. ಪತ್ರಿಕೆಯ ತಲೆಬರಹ: 'ಗಂಟೆ ಕೇಳದ ಸೆನೆಟರ್ ಇನ್ನಿಲ್ಲ'.

ಮೇ 9, ಶುಕ್ರವಾರ

ಚಿಕ್ಕಮ್ಮನ ಕಾರಿನಲ್ಲಿ ಅಲ್ವರ್‌ಸ್ಟನ್‌ಗೆ ಹೋಗಿ ಬಂದೆ.

ಚರ್ಚು ತುಂಬಿತ್ತು. ಶವಪೆಟ್ಟಿಗೆಯ ಮೇಲೆ ಹೂವಿನ ಪಕ್ಕ ಒಂದು ಬುಟ್ಟಿ ಆಲೂಗಡ್ಡೆ ಇಟ್ಟಿದ್ದರು. ಅವರ ಪಕ್ಷದ ದೊಡ್ಡವರೊಬ್ಬರು ಎದ್ದು ಒಳ್ಳೆಯ ಮಾತೇ ಆಡಿದರು. ಕೊನೆಗೆ, "ಕ್ಲೆಮ್, ಈಗ ನಿಶ್ಚಿಂತೆಯಿಂದ ಮಲಗಪ್ಪ, ಯಾವ ಗಂಟೆಯೂ ನಿನ್ನ ಎಬ್ಬಿಸಲ್ಲ" ಅಂದರು. ಎಲ್ಲರೂ ನಕ್ಕರು. ಕಣ್ಣೊರೆಸಿಕೊಂಡು ನಗುವ ಪ್ರೀತಿಯ ನಗು. ಕ್ಲೆಮ್ ತಮ್ಮ ಕೂಡ ನಕ್ಕರು.

ಒಬ್ಬರು ನಗಲಿಲ್ಲ. ಎಡಗಡೆ, ಕೊನೆಯ ಸಾಲು. ನೀನು ಹೋದ ಬೆಳಗ್ಗೆ ತೊಟ್ಟಿದ್ದ ಅದೇ ಬೂದು ಕೋಟು. ಕೂದಲು ತೀರಾ ಸಣ್ಣಗೆ ಕತ್ತರಿಸಿಕೊಂಡಿದ್ದಾಳೆ, ಅರ್ಧ ಬೆಳ್ಳಗಾಗಿದೆ. ಎರಡು ಕೈಯಲ್ಲೂ ಮುಂದಿನ ಬೆಂಚಿನ ಅಂಚು ಹಿಡಿದಿದ್ದಳು. ಈಗ ಎದ್ದು ನಿಂತು ಏನೋ ಹೇಳಿಯೇಬಿಡುತ್ತಾಳೆ ಅನ್ನಿಸಿತು. ಬೆಂಚು ಬಿಡಲೇ ಇಲ್ಲ. ಕೊಟ್ಟ ಮಾತು ಹಿಡಿದು ಕೂತಿದ್ದಳು. ಕ್ಲೆಮ್ ಬಿಡಿಸಿದ್ದಾರೆ ಅಂತ ಅವಳಿಗೆ ಹೇಳಬೇಕಾದವಳು ನಾನು, ಆರು ಸಾಲು ಮುಂದೆ, ಒಂದು ಕಂಬದ ಮರೆಯಲ್ಲಿ. ಹೇಳಿರಲಿಲ್ಲ. ಕ್ಲೆಮ್ ನನ್ನ ಕೈಗೆ ಆ ಮಾತು ಕೊಟ್ಟು ಐದು ವಾರವಾಗಿತ್ತು.

ಎದ್ದು ಹೋಗಬೇಕು ಅಂದುಕೊಂಡೆ. ಎದೆ ಹೊಡೆದುಕೊಳ್ಳುತ್ತಿತ್ತು. ಚಹಾ, ಸ್ಯಾಂಡ್‌ವಿಚ್ ಹೊರಗೆ ಹುಲ್ಲಿನ ಮೇಲೆ ಇಟ್ಟಿದ್ದರು. ನಾನು ಹೊರಗೆ ಬರುವಷ್ಟರಲ್ಲಿ, ಫ್ಲಿಂಡರ್ಸ್‌ಗೆ ಸಣ್ಣ ವಿಮಾನ ಒಂದೇ ಇರೋದು, ಡ್ಯೂಟಿ ಇದೆ ಅಂತ ಹೇಳಿ ಹೊರಟುಹೋದಳು ಅಂದರು ಚಿಕ್ಕಮ್ಮ. ನನ್ನನ್ನು ನೋಡಿದಳಾ ಅಂತ ಕೇಳಿದೆ.

"ನೋಡಿದ್ಲು. 'ಸಣ್ಣಗಾಗಿದಾಳೆ, ಊಟ ಮಾಡ್ತಾಳೇನೇ' ಅಂದ್ಲು."

ಮೇ 11, ಭಾನುವಾರ

ತಾಯಂದಿರ ದಿನ. ಅಂಗಡಿ, ಪೆಟ್ರೋಲ್ ಬಂಕು, ಎಲ್ಲ ಕಡೆ ಬಕೆಟ್ ತುಂಬ ಸೇವಂತಿಗೆ. ಒಂದು ಕಟ್ಟು ಕೊಂಡೆ. ಫ್ಲಿಂಡರ್ಸ್‌ಗೆ ಹೂವು ಕಳಿಸಲು ಆಗುವುದಿಲ್ಲ, ತಲುಪುವುದರೊಳಗೆ ಬಾಡುತ್ತದೆ. ಬಾತ್‌ರೂಮಿನ ಮಗ್ಗಿನಲ್ಲಿ ಇಟ್ಟಿದ್ದೇನೆ.

ಮೇ 12, ಸೋಮವಾರ

ಬೆಳಗ್ಗೆ ಅಂಚೆಗೆ ಹಾಕಿದೆ. ತಿದ್ದಲಿಲ್ಲ. ಒಂದೇ ಸಲ ಬರೆದು, ಇಲ್ಲಿ ನಕಲು ಇಟ್ಟುಕೊಂಡಿದ್ದೇನೆ.

*ಅಮ್ಮ,*

*ಇದು ಕಾಲೇಜಿನ ಕೆಲಸದ ಪತ್ರ. ನಮ್ಮ ರಾಜ್ಯದ ಸೆನೆಟರುಗಳ ಪುಸ್ತಕಕ್ಕೆ ಕ್ಲೆಮ್ ಡಾಕಿಂಗ್ ಅವರ ಪರಿಚಯ ನಾನು ಬರೆಯುತ್ತಿದ್ದೇನೆ. ಒಂದು ಸಾಲು ನಿನ್ನಿಂದ ಖಚಿತವಾಗಬೇಕು. ಸಾಲು ಇದು: 'ಬಂದರು ಮಸೂದೆಯ ಮತದ ದಿನ ಅವರು ಎಚ್ಚರವಾಗಿದ್ದರು, ಎದುರು ಪಕ್ಷದ ಸೆನೆಟರ್ ಗ್ವೆನ್ ಪರ್ಟನ್ ಸಾಯುತ್ತಿದ್ದ ಗಂಡನ ಬಳಿಗೆ ಹೋಗಲೆಂದು ತಾವಾಗಿ ಹೊರಗುಳಿದರು.' ಕೊಟ್ಟ ಮಾತಿನಿಂದ ನಿನ್ನನ್ನು ಬಿಡಿಸಿದ್ದೇನೆ ಅಂತ ಹೇಳು ಅಂತ ಕ್ಲೆಮ್ ಅಂದಿದ್ದರು. ಏಪ್ರಿಲ್ ಐದಕ್ಕೇ ಹೇಳಿದ್ದರು. ನಾನು ತಡ ಮಾಡಿದೆ. ಶುಕ್ರವಾರ ನೀನು ಬೆಂಚು ಹಿಡಿದು ಕೂತದ್ದನ್ನು ನೋಡಿದೆ. ಕಂಬದ ಹಿಂದೆ ಇದ್ದವಳು ನಾನೇ.*

*ಇನ್ನೊಂದು, ಇದು ಪುಸ್ತಕಕ್ಕಲ್ಲ. ಹಡಗಿನ ಕ್ಯಾಂಟೀನಿನಲ್ಲಿ ನೀನು ಕೂತ ಜಾಗಕ್ಕೆ ಕಿಟಕಿ ಇತ್ತಾ? ಅಪ್ಪ ಹೋದ ಹೊತ್ತಿಗೆ, ಆರೂ ಕಾಲಿಗೆ, ನಿನಗೆ ದಡ ಕಾಣುತ್ತಿತ್ತಾ?*

*ಊಟ ಮಾಡುತ್ತಿದ್ದೇನೆ. ಪುಸ್ತಕದ ಕೆಲಸ ಶುಕ್ರವಾರ ಕೊಡಬೇಕು, ಭಾನುವಾರ ನಾನು ಫೋನ್ ಹತ್ತಿರವೇ ಇರುತ್ತೇನೆ. ಬೇಗ ಉತ್ತರ ಬರಿ.*

*ಟಿಲ್ಲಿ*